ಒಂಬತ್ತನೇ ನಂಬರಿನ ನಾಡಿ

ದಸರಾ ರಜೆಗೆ ಕೊಟ್ಟೂರಿಗೆ ಹೋದಾಗ ಅಕ್ಕನ ಮಗಳ ಕಣ್ಣು ಬಿದ್ದಿದ್ದು ನನ್ನ ಸ್ಮಾರ್ಟ್‌ವಾಚ್ ಮೇಲೆ. ಹತ್ತನೇ ಕ್ಲಾಸಿನ ಗಣಿತದ ಪ್ರಾಜೆಕ್ಟು. ಬೇರೆ ಬೇರೆ ವ್ಯಾಯಾಮದಲ್ಲಿ ಎದೆಬಡಿತ ಎಷ್ಟು ಏರುತ್ತೆ ಅಂತ ಹೋಲಿಸಬೇಕಂತೆ. ಹತ್ತು ಜನ ಹುಡುಗಿಯರಿಗೆ ಒಂದೇ ವಾಚು ಎಲ್ಲಿ ಸಾಲುತ್ತೆ? ‘ಬೆರಳಿಟ್ಟು ಎಣಿಸ್ರಿ’ ಅಂದೆ. ಮುಖ ಸಣ್ಣದಾಯ್ತು.

ಅವಳ ಪುಸ್ತಕದ ಸಂಖ್ಯಾಶಾಸ್ತ್ರದ ಪಾಠದಲ್ಲೂ ಎದೆಬಡಿತದ ಒಂದು ಲೆಕ್ಕ ಇದೆ. ಡಾಕ್ಟರು 30 ಮಹಿಳೆಯರ ಬಡಿತ ಬರೆದುಕೊಂಡಿದ್ದಾರೆ, ಸರಾಸರಿ ಕಂಡುಹಿಡಿಯಿರಿ ಅಂತ. ಉತ್ತರ 75.9. ಎಲ್ಲರೂ 65ರಿಂದ 86ರ ಒಳಗೇ ಶಿಸ್ತಾಗಿ ಕೂತಿದ್ದಾರೆ. ಪುಸ್ತಕದ ಹೆಂಗಸರು ಎಷ್ಟು ಒಳ್ಳೆಯವರು ನೋಡಿ, ಲೆಕ್ಕ ಕೆಡಿಸುವವರು ಒಬ್ಬರೂ ಇಲ್ಲ.

ನಮ್ಮ ಹುಡುಗಿಯರು ಹಂಗಲ್ಲ. ಹಗ್ಗದಾಟ, ಖೊಖೊ ಓಟ, ಸೂರ್ಯ ನಮಸ್ಕಾರ ಅಂತ ಪಟ್ಟಿ ಮಾಡಿದರು. ಒಬ್ಬಳು ‘ನೀರಿನ ಕೊಡ ಹೊರೋದು ವ್ಯಾಯಾಮ ಅಲ್ಲೇನ್ರಿ?’ ಅಂದಳು. ಅದೂ ಸೇರಿತು. ಮೊದಲ ದಿನ ಎಲ್ಲರೂ ಹಗ್ಗದಾಟ ಮುಗಿಸಿ ಸಾಲಾಗಿ ನಿಂತರು, ನನ್ನ ಸೊಸೆ ಒಬ್ಬೊಬ್ಬರದೇ ಎಣಿಸುತ್ತಾ ಹೋದಳು. ಸಾಲಿನ ಕೊನೆಯವರ ನಾಡಿ ಎಷ್ಟು ಚೆಂದ ಇಳಿದಿತ್ತು ಅಂದರೆ, ಅವರೇ ಊರಿನ ಪೈಲ್ವಾನರು ಅನ್ನಬೇಕು! ಆಟ ನಿಂತ ಮೊದಲ ನಿಮಿಷದಲ್ಲೇ ಬಡಿತ ಸರಸರ ಇಳಿಯುತ್ತೆ, ಕಾದು ನಿಂತವರದು ಕಡಿಮೆ ಬರದೆ ಇನ್ನೇನು? ಆಮೇಲೆ ಜೋಡಿ ಮಾಡಿದೆವು. ಒಬ್ಬಳು ಕುಣಿದರೆ ಇನ್ನೊಬ್ಬಳು ಕೂಡಲೇ ಮಣಿಕಟ್ಟು ಹಿಡಿಯೋದು. ಹೆಬ್ಬೆರಳು ಬೇಡ, ಅದರಲ್ಲೇ ನಾಡಿ ಮಿಡಿಯುತ್ತೆ. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿದರೆ ಒಂದು ಬಡಿತ ತಪ್ಪಿದರೂ ನಾಲ್ಕು ತಪ್ಪಿದಂತೆ. ಅದಕ್ಕೇ ಎರಡೆರಡು ಸಲ.

ಹಾಳೆಯಲ್ಲಿ ಹೆಸರಿನ ಬದಲು ನಂಬರ್ ಹಾಕಿದ್ದರು. ಒಂಬತ್ತನೇ ನಂಬರಿನವಳು ಆಟಕ್ಕೆ ಮುಂಚೆ ಸುಮ್ಮನೆ ಕೂತಾಗಲೇ ನೂರು ದಾಟಿದ್ದಳು.

‘ಮಾಮಾ, ಇವಳದು ತೆಗೆದುಬಿಡ್ಲಾ? ಸರಾಸರಿ ಕೆಡ್ತೈತಿ.’

ಕೆಡುತ್ತೆ, ನಿಜ. ಸರಾಸರಿ ಬದಲು ಮಧ್ಯಾಂಕ ಬರೆದರೆ ಅಷ್ಟು ಕೆಡೋದಿಲ್ಲ, ಅದನ್ನೂ ಹೇಳಿದೆ. ಆದರೆ ತೆಗೆಯೋಕೆ ಮೊದಲು ಅವಳನ್ನ ಒಂದು ಮಾತು ಕೇಳಬೇಡವೇ? ಮಾರನೇ ದಿನ ಬೆಳಿಗ್ಗೆ ಚಹಾ ಕುಡಿಯೋ ಮುಂಚೆ ಮತ್ತೆ ಎಣಿಸಿದರು. ಅಷ್ಟೇ ಬಂತು. ‘ಅವಳು ಯಾವಾಗ್ಲೂ ಹಂಗೇ ಮಾಮಾ, ಮೆಟ್ಲು ಹತ್ತಿದ್ರೂ ಕೂತ್ಕಂತಾಳೆ.’

ನಾನು ಡಾಕ್ಟರಲ್ಲ. ಜ್ವರ, ಭಯ, ಥೈರಾಯ್ಡ್, ಯಾವುದಕ್ಕಾದರೂ ನಾಡಿ ಓಡಬಹುದು. ಆದರೆ ರಕ್ತಹೀನತೆ ಕೂಡ ಒಂದು ಕಾರಣ ಅಂತ ಗೊತ್ತಿತ್ತು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಹೃದಯ ಆ ಕೊರತೆ ತುಂಬೋಕೆ ಜಾಸ್ತಿ ಬಡಿಯುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಬಿಡಿ, ಬೆಂಗಳೂರಿನ ನಿಮ್ಮ ಆಫೀಸಿನ ಪಕ್ಕದ ಸೀಟಲ್ಲೂ ಇದ್ದಾರು.

ಅಕ್ಕ ಆ ಹುಡುಗಿಯ ಅಮ್ಮನ ಹತ್ತಿರ ಹೋಗಿ ಮಾತಾಡಿದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯ್ತು. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ ಅದಕ್ಕಿಂತ ಬಹಳ ಕೆಳಗಿತ್ತು. ಶಾಲೆಯಲ್ಲಿ ವಾರಕ್ಕೊಂದು ಕೊಡೋ ನೀಲಿ ಕಬ್ಬಿಣದ ಮಾತ್ರೆ? ಹೊಟ್ಟೆ ತೊಳಸುತ್ತೆ ಅಂತ ಬ್ಯಾಗಿನ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದಳಂತೆ. ಊಟ ಮಾಡಿದ ಮೇಲೆ ತಗೊಂಡರೆ ಆ ಕಷ್ಟ ಕಡಿಮೆ. ಚಹಾ ಜೊತೆಗಂತೂ ಬೇಡ, ಕಬ್ಬಿಣ ಮೈಗೆ ಹತ್ತೋದಿಲ್ಲ.

ನನ್ನ ವಾಚಿನ ಕಥೆಯೂ ಇದೇ ಅನ್ನಿ. ಗರಿಷ್ಠ ಬಡಿತಕ್ಕೆ ‘220ರಿಂದ ವಯಸ್ಸು ಕಳೆಯಿರಿ’ ಅನ್ನೋ ಸೂತ್ರ 1970ರ ದಶಕದ ಶುರುವಿನದು, ಅದೂ ಒಂದು ಅಂದಾಜು. ಒಬ್ಬೊಬ್ಬರಲ್ಲಿ 10-12 ಬಡಿತ ಆಚೀಚೆ ಸಹಜ. ಜಿಮ್ಮಿನಲ್ಲಿ ಅದನ್ನೇ ನಂಬಿ ಎದುಸಿರು ಬಿಡುತ್ತಿದ್ದವನು ನಾನು.

ಸಂಕ್ರಾಂತಿಗೆ ಹೋದಾಗ ಪ್ರಾಜೆಕ್ಟು ನೋಡಿದೆ. ಹತ್ತೂ ಸಾಲು ಇದ್ದವು. ಒಂಬತ್ತನೆಯದರ ಪಕ್ಕ ಪೆನ್ಸಿಲಿನಲ್ಲಿ ಹೊಸ ಅಂಕಿ, ನೂರರ ಕೆಳಗೆ. ಬರೆದವಳು ಒಂಬತ್ತನೇ ನಂಬರಿನವಳೇ.