ಕೆಂಪು ಹೂದಾನಿಗೆ ಯಾರ ನೆತ್ತರು?

ಚೀನಾದ ಹಳೆಯ ಕೆಂಪು ಪಿಂಗಾಣಿ ಹೂದಾನಿಗಳ ಮಾತು ಬಂದರೆ ಹಿಂದೆಯೇ ಒಂದು ಕತೆಯೂ ಬರುತ್ತದೆ. ಚಕ್ರವರ್ತಿಗೆ ಕಡುಗೆಂಪು ಹೂದಾನಿ ಬೇಕು; ಎಷ್ಟು ಸುಟ್ಟರೂ ಆ ಬಣ್ಣ ಬರಲೊಲ್ಲದು; ಕುಂಬಾರನ ತಲೆಗೇ ಸಂಚಕಾರ. ಆಗ ಅವನ ಮಗಳು ಉರಿಯುವ ಆವಿಗೆಗೆ ಹಾರುತ್ತಾಳೆ. ತೆರೆದು ನೋಡಿದರೆ ಹೂದಾನಿಗಳೆಲ್ಲ ಕೆಂಪು! ಕೇಳಿದವರು 'ಎಂಥ ತ್ಯಾಗ' ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗೋ ಮೈ ಉರಿಯುತ್ತದೆ.

ಆ ಕೆಂಪು ಬರುವುದು ಹೆಣ್ಣಿನ ನೆತ್ತರಿನಿಂದಲ್ಲ, ಮೆರುಗಿನ ಲೇಪದಲ್ಲಿ ಬೆರೆತ ಚೂರು ತಾಮ್ರದಿಂದ. ಸುಮಾರು 1,300 ಡಿಗ್ರಿ ಬೆಂಕಿಯಲ್ಲಿ ಗಾಳಿಯನ್ನು ಹದವಾಗಿ ತಡೆಯಬೇಕು. ಗಾಳಿ ಹೆಚ್ಚಾದರೆ ಹಸಿರು. ಕಾವು ಮೀರಿದರೆ ತಾಮ್ರವೇ ಹಾರಿಹೋಗಿ ಬಣ್ಣ ಮಾಯ. 15ನೆಯ ಶತಮಾನದಲ್ಲಿ ಜಿಂಗ್‌ಡೆಜೆನ್ ಊರಿನ ಕುಂಬಾರರಿಗೆ ಒಲಿದಿದ್ದ ಈ ಹದ ಆಮೇಲೆ ಕೈತಪ್ಪಿತು. ಕಾಂಗ್‌ಷಿ ಚಕ್ರವರ್ತಿಯ ಕಾಲದಲ್ಲಿ (1662–1722) ಮತ್ತೆ ಕೈಗೆ ಬಂತು. ಯಾರೋ ಹಾರಿದ್ದರಿಂದಲ್ಲ, ಕೆಟ್ಟದ್ದನ್ನು ಬಿಸಾಕಿ ಮತ್ತೆ ಮತ್ತೆ ಸುಟ್ಟು ನೋಡಿದ್ದರಿಂದ.

ನಮ್ಮ 'ಕೆರೆಗೆ ಹಾರ'ದ ಭಾಗೀರಥಿಯನ್ನು ನೆನೆಯಿರಿ. ಅಲ್ಲಿ ನೀರಿಗೆ ಸೊಸೆ, ಇಲ್ಲಿ ಬಣ್ಣಕ್ಕೆ ಮಗಳು. ಗಂಡಸರ ಕೆಲಸ ಕೈಗೂಡದಿದ್ದರೆ ಹೆಣ್ಣೇ ಏಕೆ ಬಲಿ? ಅವಳೇ ಮನಸಾರೆ ಹಾರಿದಳೆಂದರೆ, ಬೇಡಿದ ದೊರೆಗೂ ಪಾಪವಿಲ್ಲ, ಕೊಂಡಾಡುವ ನಮಗೂ ಇಲ್ಲ!

ಹೂದಾನಿಯನ್ನು ಧಾರಾಳವಾಗಿ ಮೆಚ್ಚೋಣ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದದ್ದು ತಾಮ್ರದ ಗುಟ್ಟನ್ನು, ಬೆಂಕಿಗೆ ಹಾರುವುದನ್ನಲ್ಲ.