ಕಂಪ್ಯೂಟರಿನ ಕಪಾಟು ಯಾರ ಇಚ್ಛೆಯಂತಿರಬೇಕು?

ಮನೆಯ ಕಪಾಟಿನಲ್ಲಿ ಯಾವ ವಸ್ತುವು ಯಾವ ಖಾನೆಯಲ್ಲಿರಬೇಕೆಂಬುದನ್ನು ಬಡಗಿಯು ನಿರ್ಣಯಿಸುವುದಿಲ್ಲ, ಬಳಸುವವರೇ ನಿರ್ಣಯಿಸುವರು. ಕಂಪ್ಯೂಟರಿನ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲತಕ್ಕದ್ದೆಂಬುದು ನಮ್ಮ ಅಭಿಪ್ರಾಯವು.

ಫೈಲುಗಳನ್ನೂ ಫೋಲ್ಡರುಗಳನ್ನೂ ತೆರೆದು ನೋಡುವುದಕ್ಕೆ, ನಕಲು ಮಾಡುವುದಕ್ಕೆ, ಅಳಿಸುವುದಕ್ಕೆ ಇರುವ ಸಾಧನವನ್ನು ಫೈಲ್ ಮ್ಯಾನೇಜರ್ ಎನ್ನುವರು. ಲಿನಕ್ಸ್ ವ್ಯವಸ್ಥೆಯಲ್ಲಿ ಇಂತಹವು ಒಂದೆರಡಲ್ಲ: ಗ್ನೋಮ್ ಪರಿಸರಕ್ಕೆ ನಾಟಿಲಸ್, ಕೆಡಿಇ ಪರಿಸರಕ್ಕೆ ಡಾಲ್ಫಿನ್, ಎಕ್ಸ್‌ಎಫ್‌ಸಿಇಗೆ ಥುನಾರ್. ಇವುಗಳ ಚರಿತ್ರೆಯಲ್ಲಿ ನಮಗೆ ಒಂದು ಪಾಠವಿದೆ.

2004ರಲ್ಲಿ ಗ್ನೋಮ್ 2.6 ಹೊರಬಂದಾಗ, ಪ್ರತಿಯೊಂದು ಫೋಲ್ಡರೂ ಬೇರೆ ಬೇರೆ ಕಿಟಕಿಯಲ್ಲಿಯೇ ತೆರೆಯುವಂತೆ ನಾಟಿಲಸನ್ನು ಮಾರ್ಪಡಿಸಿದರು. ಒಳಗೊಳಗಿನ ಫೋಲ್ಡರನ್ನು ಹುಡುಕಿಹೋದವರ ಪರದೆಯು ಕಿಟಕಿಗಳಿಂದಲೇ ತುಂಬಿತು. ಹಳೆಯ ಕ್ರಮವನ್ನು ಮರಳಿ ಪಡೆಯುವ ಉಪಾಯವು ಸೆಟ್ಟಿಂಗುಗಳ ಆಳದಲ್ಲಿ ಅಡಗಿತ್ತು. 2010ರಲ್ಲಿ ನಿರ್ಮಾಪಕರೇ ಆ ಹಳೆಯ ಕ್ರಮಕ್ಕೆ ಹಿಂದಿರುಗಿದರು. 2012ರಲ್ಲಿ, ಎರಡು ಫೋಲ್ಡರುಗಳನ್ನು ಒಂದೇ ಕಿಟಕಿಯಲ್ಲಿ ಅಕ್ಕಪಕ್ಕವಿಟ್ಟು ನೋಡುವ ಅನುಕೂಲವನ್ನು ನಾಟಿಲಸಿನಿಂದ ತೆಗೆದುಹಾಕಿದರು. ಆಗ ಲಿನಕ್ಸ್ ಮಿಂಟಿನವರು ಅದೇ ಮೂಲಸಂಕೇತದಿಂದ ನೀಮೋ ಎಂಬುದನ್ನು ಕಟ್ಟಿ, ಆ ಅನುಕೂಲವನ್ನು ಉಳಿಸಿಕೊಂಡರು. ಮೂಲಸಂಕೇತವು ಸರ್ವರಿಗೂ ತೆರೆದಿದ್ದುದರಿಂದಲೇ ಇದು ಸಾಧ್ಯವಾಯಿತಷ್ಟೆ.

ಆಯ್ಕೆಗಳು ಹೆಚ್ಚಿದಷ್ಟೂ ಹೊಸಬರಿಗೆ ಗಲಿಬಿಲಿಯಾಗುವುದೆಂದೂ, ಪ್ರತಿಯೊಂದು ಆಯ್ಕೆಯನ್ನು ಪರೀಕ್ಷಿಸಿ ಕಾಪಾಡುವುದು ನಿರ್ಮಾಪಕರಿಗೆ ಹೊರೆಯೆಂದೂ ಕೆಲವರು ವಾದಿಸುವರು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಮೊದಲು ಒಳ್ಳೆಯದೊಂದು ಕ್ರಮವನ್ನು ಇಟ್ಟುಕೊಡುವುದು ಬೇರೆ, ಉಳಿದ ಬಾಗಿಲುಗಳಿಗೆ ಬೀಗ ಹಾಕುವುದು ಬೇರೆ. ಕೆಡಿಇಯವರು 2024ರಲ್ಲಿ ಪ್ಲಾಸ್ಮಾ 6 ಹೊರತಂದಾಗ, ಫೈಲುಗಳು ಎರಡು ಕ್ಲಿಕ್ಕಿಗೆ ತೆರೆಯುವುದನ್ನೇ ಮೊದಲ ಕ್ರಮವನ್ನಾಗಿ ಮಾಡಿದರು. ಆದರೂ ಒಂದೇ ಕ್ಲಿಕ್ಕು ಬೇಕೆನ್ನುವವರಿಗೆ ಆ ಆಯ್ಕೆಯನ್ನು ಉಳಿಸಿಕೊಟ್ಟರು. ಇದೇ ಯೋಗ್ಯವಾದ ಮಾರ್ಗವು.

ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಹೆಣ್ಣುಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತಾಗ, ಅದು ಇದ್ದಂತೆಯೇ ಇರಬೇಕೆಂದು ತಿಳಿಯದಿರಲಿ. ಅಡಗಿದ ಫೈಲುಗಳು ಕಾಣಬೇಕೇ, ಅಳಿಸುವ ಮೊದಲು ಅದು ನಮ್ಮನ್ನು ಕೇಳಬೇಕೇ, ಪಟ್ಟಿಯು ಹೆಸರಿನ ಕ್ರಮದಲ್ಲಿರಬೇಕೇ ದಿನಾಂಕದ ಕ್ರಮದಲ್ಲಿರಬೇಕೇ ಎಂಬುದನ್ನು ಅವರೇ ಆರಿಸಿ ನೋಡಲಿ. ಥುನಾರಿನಲ್ಲಿಯಾದರೋ ಬಲ ಕ್ಲಿಕ್ಕಿನ ಪಟ್ಟಿಗೆ ತಮ್ಮದೇ ಆಜ್ಞೆಯೊಂದನ್ನು ಸೇರಿಸಬಹುದು. ಬದಲಾಯಿಸಿದುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಒಗ್ಗದೆ ಹೋದುದನ್ನು ಹಿಂದಿನಂತೆ ಮಾಡುವುದೂ ಸುಲಭ. ಹೊಂದಿಕೊಂಡು ಹೋಗೆಂಬ ಮಾತನ್ನು ನಮ್ಮ ಹೆಣ್ಣುಮಕ್ಕಳು ಬೇಕಾದಷ್ಟು ಕೇಳಿದ್ದಾರೆ. ಯಂತ್ರದಿಂದಲೂ ಅದನ್ನೇ ಕೇಳಬೇಕಾದುದಿಲ್ಲ. ತನ್ನ ಉಪಕರಣವನ್ನು ತನ್ನ ಕೈಗೆ ಒಗ್ಗಿಸಿಕೊಳ್ಳಬಲ್ಲವಳೇ ಅದರ ಒಡತಿಯು.