ಮಂದಿ ಇಲ್ಲದ ಪಟ

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಒಂದು ಸಭಾಂಗಣದ ಗೋಡೆಯ ಮೇಲೆ ನಾನು ತೆಗೆದ ಮೂವತ್ತು ಛಾಯಾಚಿತ್ರಗಳು ತೂಗಾಡಿದವು. ಯಾದಗಿರಿಯ ಬೆಟ್ಟದ ಕೋಟೆ, ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಸಾಲು, ನನ್ನ ಹುಟ್ಟೂರಾದ ಸುರಪುರದ ಟೇಲರ್ ಮಂಜಿಲ್, ರಾಜನಕೋಳೂರಿನ ಕಲ್ಲುಮನೆಗಳು, ಸಂಜೆಯ ಕೃಷ್ಣೆ. ಪ್ರದರ್ಶನಕ್ಕೆ ‘ಹೈಮಾಟ್’ ಎಂಬ ಜರ್ಮನ್ ಹೆಸರನ್ನು ನಾನೇ ಆರಿಸಿದ್ದೆ. ‘ತವರು’, ‘ಹುಟ್ಟೂರು’, ‘ನಾಡು’ ಇವೆಲ್ಲವೂ ಸೇರಿ ಆದ ಪದವದು ಎಂದು ಬಂದವರಿಗೆ ವಿವರಿಸಿದೆ. ಬಂದವರು ತಲೆದೂಗಿದರು. “ನಿಮ್ಮ ಸೀಮೆ ಇಷ್ಟು ಚೆನ್ನಾಗಿದೆಯೆಂದು ನಮಗೆ ಗೊತ್ತೇ ಇರಲಿಲ್ಲ” ಎಂದರು. ನಾನು ಉಬ್ಬಿದೆ.

ಉಬ್ಬಿದ್ದು ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಮನೆಯ ಪಕ್ಕದ ನಿವೇಶನದಲ್ಲಿ ನಾಲ್ಕಂತಸ್ತಿನ ಕಟ್ಟಡ ಏಳುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರ ಮಾತು ಕಿವಿಗೆ ಬಿದ್ದು, ಒಬ್ಬನನ್ನು “ಯಾವೂರಪ್ಪಾ ನಿಂದು?” ಎಂದು ಕೇಳಿದೆ. ಶಹಾಪುರ ತಾಲೂಕಿನವನು. ಸಂತೋಷದಿಂದ ಮನೆಗೆ ಕರೆದು, ಪ್ರದರ್ಶನ ಮುಗಿಸಿ ಬಂದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಆತ ಕೈಯನ್ನು ಅಂಗಿಗೆ ಒರೆಸಿಕೊಂಡು, ಎಲ್ಲವನ್ನೂ ನೋಡಿ, ಮತ್ತೊಮ್ಮೆ ಮೊದಲಿನಿಂದ ನೋಡಿದ. ಏನನ್ನೋ ಹುಡುಕುತ್ತಿದ್ದಂತೆ ಕಂಡಿತು. ಕೊನೆಗೆ ಅಂದ: “ಪಟಾ ಚಲೋ ಅದಾವ್ರಿ ಸಾಹೇಬ್ರ. ಆದ್ರ ಇದ್ರಾಗ ಮಂದೀನೇ ಇಲ್ಲಲ್ರೀ.”

ಓದುಗರು ನಂಬಬೇಕು, ಅಲ್ಲಿಯವರೆಗೆ ನಾನದನ್ನು ಗಮನಿಸಿಯೇ ಇರಲಿಲ್ಲ. ಗಮನಿಸಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕೋಟೆಯ ಮುಂದೆ ಕುರಿ ಕಾಯುವವನು ಬಂದರೆ ಆತ ದಾಟಿ ಹೋಗಲೆಂದು ನಾನು ಕಾದಿದ್ದೇನೆ. ಕಲ್ಲುಮನೆಯ ಹತ್ತಿರ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಬಾರದಂತೆ ಕ್ಯಾಮೆರಾವನ್ನು ಎಡಕ್ಕೆ ಸರಿಸಿದ್ದೇನೆ. ಹೀಗೆ ಜನರನ್ನು ಜಾಗರೂಕತೆಯಿಂದ ಹೊರಗಿಟ್ಟು, ಉಳಿದುದಕ್ಕೆ ‘ನಮ್ಮೂರು’ ಎಂದು ಹೆಸರಿಟ್ಟವನು ನಾನು. ಆದ್ದರಿಂದ ಈ ಲೇಖನದ ಮೊದಲ ಆರೋಪಿಯೂ ನಾನೇ. ಆದರೆ ಕಟಕಟೆಯಲ್ಲಿ ಒಂಟಿಯಾಗಿ ನಿಲ್ಲಲು ನಾನು ಸಿದ್ಧನಿಲ್ಲ. ಓದಿ, ನೌಕರಿ ಹಿಡಿದು, ನಗರದಲ್ಲಿ ಮನೆ ಕಟ್ಟಿ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಸೂರ್ಯಾಸ್ತವನ್ನು ಸೆರೆಹಿಡಿದು ತರುವ ನಾವೆಲ್ಲರೂ ಈ ಅಪರಾಧದಲ್ಲಿ ಪಾಲುದಾರರು.

ನಾನು ಜಂಬದಿಂದ ಬಳಸಿದ ಆ ಜರ್ಮನ್ ಪದದ ಚರಿತ್ರೆಯನ್ನು ಅನಂತರವೇ ಸರಿಯಾಗಿ ಓದಿದ್ದು. ‘ಹೈಮಾಟ್’ ಎಂದರೆ ಇಂದು ಬೆಟ್ಟ, ಚರ್ಚಿನ ಗೋಪುರ, ಹಸಿರು ಕಣಿವೆ, ಕಣ್ಣಂಚಿನಲ್ಲಿ ನೀರು. ಎರಡನೆಯ ಮಹಾಯುದ್ಧದ ಬಳಿಕ, 1950ರ ದಶಕದಲ್ಲಿ, ಇದೇ ಹೆಸರಿನ ಸಿನಿಮಾಗಳು ಅಲ್ಲಿ ಸಾಲುಸಾಲಾಗಿ ಬಂದವು. ಯುದ್ಧದ ಪಾಪವನ್ನು ಮರೆಯಲು ಬೆಟ್ಟದ ನೋಟ ಬಹಳ ಅನುಕೂಲವಾಗಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಕಾನೂನಿನ ಪದವೂ ಆಗಿತ್ತು. ಆಸ್ಟ್ರಿಯದ 1863ರ ಕಾಯಿದೆಯಲ್ಲಿ ‘ಹೈಮಾಟಿನ ಹಕ್ಕು’ ಎಂದರೆ ಎರಡೇ ಸಂಗತಿ: ಆ ಊರಿನಲ್ಲಿ ಯಾರ ತಡೆಯೂ ಇಲ್ಲದೆ ಬಾಳುವ ಹಕ್ಕು, ಬಡತನ ಬಂದರೆ ಆ ಊರಿನಿಂದ ಪೋಷಣೆ ಪಡೆಯುವ ಹಕ್ಕು. ಈ ಹಕ್ಕಿಗೂ ಕ್ರೂರ ಮುಖವಿತ್ತು. ಬೇರೆ ಊರಿನಲ್ಲಿ ದಿಕ್ಕುಗೆಟ್ಟವನನ್ನು ‘ನಿನ್ನ ಊರಿಗೆ ನಡೆ’ ಎಂದು ಅಟ್ಟಲೂ ಅದೇ ಆಧಾರವಾಗುತ್ತಿತ್ತು. ಆದರೂ ಒಂದು ಮಾತು ಸ್ಪಷ್ಟ: ಊರು ನೋಡುವ ವಸ್ತುವಾಗಿರಲಿಲ್ಲ, ಕೇಳಿ ಪಡೆಯುವ ವಸ್ತುವಾಗಿತ್ತು. ನನ್ನ ಮುಂದೆ ಕುಳಿತಿದ್ದ ಕೂಲಿಕಾರನಿಗೆ ಯಾವ ಊರಿನ ಮೇಲೆ ಅಂಥ ಹಕ್ಕಿದೆ? ಅವನ ಮತ ಇರುವುದು ಶಹಾಪುರದಲ್ಲಿ, ದುಡಿಮೆ ಬೆಂಗಳೂರಿನಲ್ಲಿ. ಮತ ಇದ್ದಲ್ಲಿ ಕೂಲಿ ಇಲ್ಲ, ಕೂಲಿ ಇದ್ದಲ್ಲಿ ಮತವಿಲ್ಲ. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಹೊರಟವರನ್ನು ನಾವೆಲ್ಲರೂ ನೋಡಿದೆವು. ಕಟ್ಟಿಕೊಟ್ಟ ನಗರ ‘ನಿನ್ನ ಊರಿಗೆ ನಡೆ’ ಎಂದಿತು. ಊರಿನಲ್ಲಿ ಅವರನ್ನು ಎದುರುಗೊಂಡದ್ದು ಹೊರಟಾಗ ಇದ್ದ ಬರಿಗೈಯೇ.

“ನಾರಾಯಣಪುರದ ಕಾಲುವೆ ಬಂದಿದೆಯಲ್ಲ, ಇನ್ನೂ ಏಕೆ ಗುಳೆ ಹೋಗುತ್ತಾರೆ?” ಎಂದು ಕೇಳುವವರಿದ್ದಾರೆ. ಕಾಲುವೆ ಬಂದದ್ದು ನಿಜ. ಶಹಾಪುರ, ಸುರಪುರದ ಎಷ್ಟೋ ಹೊಲಗಳಲ್ಲಿ ಇಂದು ಭತ್ತ ತೂಗುತ್ತಿರುವುದೂ ನಿಜ. ಆದರೆ ನೀರು ಹೊಲ ಇದ್ದವನ ಹೊಲಕ್ಕೆ ಹರಿಯುತ್ತದೆ. ಹೊಲವೇ ಇಲ್ಲದವನಿಗೂ, ಕಾಲುವೆ ಮುಟ್ಟದ ಒಣಭೂಮಿಯವನಿಗೂ ಬೆಂಗಳೂರಿನ ಬಸ್ಸೇ ಕಾಲುವೆ. ನನ್ನ ಚಿತ್ರಗಳಲ್ಲಿ ಹಸಿರು ಗದ್ದೆ ಇತ್ತು. ಆ ಬಸ್ಸು ಇರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಕಲ್ಲು, ಕೋಟೆ, ಗುಡ್ಡಗಳ ಚಿತ್ರ ತೆಗೆಯುವುದೇ ತಪ್ಪೇ? ಖಂಡಿತ ಅಲ್ಲ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಈ ಸೀಮೆಯ ಕಲ್ಲುಮನೆಗಳ ಬಗ್ಗೆ ಬರೆದಿರದಿದ್ದರೆ ವಿದ್ವಾಂಸರ ಗಮನ ಅತ್ತ ಹರಿಯಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ. ಆದರೆ ಒಂದು ತಮಾಷೆ ನೋಡಿ: ಆತ ಆ ಕಲ್ಲುಗಳಲ್ಲಿ ಕಂಡದ್ದು ತನ್ನ ನಾಡಿನ ಪುರಾತನ ಕಲ್ಲುಗಳ ಹೋಲಿಕೆಯನ್ನು. ಪರದೇಶಿಯ ಕಣ್ಣು ತವರನ್ನು ಹುಡುಕಿತು. ಅದು ಸಹಜ, ಕ್ಷಮ್ಯ. ಅಲ್ಲೇ ಹುಟ್ಟಿದ ನಾನು ಪರದೇಶಿಯ ಕಣ್ಣಿನಿಂದ ನೋಡಿದೆನಲ್ಲ, ಅದಕ್ಕೆ ಏನೆನ್ನಬೇಕು? ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪ್ರೊಫೆಸರ್ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ಸಿಕ್ಕಿದ್ದು ಅರಮನೆಯಲ್ಲ, ಗುಡಿಯಲ್ಲ. ಆದಿಮಾನವರು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡಿಕೊಳ್ಳುತ್ತಿದ್ದ ಜಾಗ ಅದು. ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು. ಅಂದರೆ ನಮ್ಮ ಸೀಮೆಯ ಅತ್ಯಂತ ಪುರಾತನ ಸ್ಮಾರಕಗಳಲ್ಲೊಂದು ಕೆಲಸದ ಜಾಗ. ಕೈಗಳು ಬಿಟ್ಟುಹೋದ ಗುರುತು. ಆ ಕೈಗಳನ್ನು ಮರೆತು ಕಲ್ಲನ್ನು ಮಾತ್ರ ಪೂಜಿಸುವವನು ಕಲ್ಲನ್ನೂ ಅರಿತವನಲ್ಲ.

ಜರ್ಮನಿಯಲ್ಲೇ ಆಗಸ್ಟ್ ಜಾಂಡರ್ ಎಂಬ ಛಾಯಾಗ್ರಾಹಕನಿದ್ದ. ತನ್ನ ಸೀಮೆಯ ರೈತರು, ಭುಜದ ಮೇಲೆ ಇಟ್ಟಿಗೆ ಹೊತ್ತ ಕೂಲಿಯಾಳು, ಅಡುಗೆಯವನು, ವಕೀಲ, ನಿರುದ್ಯೋಗಿ ಇವರೆಲ್ಲರನ್ನೂ ನೇರವಾಗಿ ಕ್ಯಾಮೆರಾದ ಮುಂದೆ ನಿಲ್ಲಿಸಿ, ಒಂದೇ ಗೌರವದಿಂದ ಚಿತ್ರ ತೆಗೆದ. ಅಂಥ 60 ಮುಖಗಳ ಪುಸ್ತಕವನ್ನು 1929ರಲ್ಲಿ ಪ್ರಕಟಿಸಿದ. 1936ರಲ್ಲಿ ನಾಜಿಗಳು ಆ ಪುಸ್ತಕದ ಅಚ್ಚುಗಳನ್ನು ನಾಶಮಾಡಿದರು. ‘ಹೈಮಾಟ್’ ಎಂದು ಬೀದಿಬೀದಿಗಳಲ್ಲಿ ಗಂಟಲು ಹರಿದುಕೊಂಡವರೇ ಆ ನಾಡಿನ ನಿಜವಾದ ಮುಖಗಳನ್ನು ಸಹಿಸದೆ ಹೋದರು! ಇದು ಆಕಸ್ಮಿಕವಲ್ಲ. ಜನರಿಲ್ಲದ ಊರಿನ ಚಿತ್ರದಲ್ಲಿ ಯಾರನ್ನು ಬೇಕಾದರೂ ಸೇರಿಸಬಹುದು, ಯಾರನ್ನು ಬೇಕಾದರೂ ಹೊರಗಟ್ಟಬಹುದು. ತಲೆತಲಾಂತರದಿಂದ ಅಲ್ಲೇ ಬಾಳಿದ ಯೆಹೂದ್ಯರನ್ನು ‘ಈ ಮಣ್ಣಿನವರಲ್ಲ’ ಎಂದು ಹೊರಗಟ್ಟಿದ್ದು ಹಾಗೆಯೇ. ಮುಖಗಳಿರುವ ಚಿತ್ರದಲ್ಲಿ ಆ ಆಟ ಅಷ್ಟು ಸುಲಭವಲ್ಲ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಾಯಿ ಸುರಪುರದ ಒಂದೇ ಓಣಿಯಲ್ಲಿ ಬಾಳಿದವರು. ಅವರು ಕದಲಲಿಲ್ಲ, ಗಡಿಗಳು ಕದಲಿದವು. 1948ರವರೆಗೆ ನಿಜಾಮರ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು, 2010ರಲ್ಲಿ ಗುಲಬರ್ಗಾ ಬಿಟ್ಟು ಯಾದಗಿರಿ ಜಿಲ್ಲೆ. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಬಂದಿತು. ಅವರನ್ನು ಕೇಳಿದ್ದರೆ, ಊರು ಎಂದರೆ ನಕಾಶೆಯಲ್ಲ, ಓಣಿಯ ಮಂದಿ ಎಂದೇ ಹೇಳುತ್ತಿದ್ದರು.

ಅವರ ಟ್ರಂಕಿನಲ್ಲಿ ಸಿಕ್ಕ ಒಂದು ಹಳೆಯ ಚಿತ್ರ ಈಗ ನನ್ನ ಮೇಜಿನ ಮೇಲಿದೆ. ನನ್ನ ನಾಮಕರಣದ ದಿನದ್ದು. ಮಧ್ಯದಲ್ಲಿ ಅಜ್ಜ, ಸುತ್ತ ಮನೆಯವರು, ಅಂಚಿನಲ್ಲಿ ಚಾಪೆಯ ಮೇಲೆ ನಾನು. ಚಿತ್ರದ ಚೌಕಟ್ಟಿನ ಆಚೆಯಿಂದ ಒಂದು ಕೈ ಚಾಚಿ ನನ್ನ ಬೆನ್ನಿಗೆ ಆಸರೆ ಕೊಟ್ಟಿದೆ. ಹಸಿರು ಬಳೆ ಇದ್ದಿರಬೇಕು, ಕಪ್ಪು-ಬಿಳುಪಿನಲ್ಲಿ ತಿಳಿಯದು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು, ನನ್ನನ್ನು ಎತ್ತಿ ಆಡಿಸಿದವಳು ಎಂದು ತಾಯಿ ಒಮ್ಮೆ ಹೇಳಿದ್ದರು. ಹೆಸರನ್ನೂ ಹೇಳಿದ್ದರು. ನಾನು ಮರೆತೆ. ಈಗ ಕೇಳೋಣವೆಂದರೆ ತಾಯಿ ಇಲ್ಲ. ಮೂವತ್ತು ಚಿತ್ರಗಳಲ್ಲಿ ನಾನು ಮಾಡಿದ್ದು ಆ ಹಳೆಯ ಚೌಕಟ್ಟಿನ ಮುಂದುವರಿಕೆಯೇ ಅಲ್ಲವೆ?

ಆದ್ದರಿಂದ ಕ್ಯಾಮೆರಾ ಹಿಡಿದು, ಮೊಬೈಲ್ ಹಿಡಿದು ಊರಿಗೆ ಹೊರಡುವ ನನ್ನಂಥವರಲ್ಲಿ ಒಂದು ಬಿನ್ನಹ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ಮೊದಲು ಮಂದಿಯನ್ನು ಮಾತಾಡಿಸಿ. ಒಪ್ಪಿದರೆ ಮಾತ್ರ ಚಿತ್ರ ತೆಗೆಯಿರಿ. ಹಿಂಬದಿಯಲ್ಲಿ ಹೆಸರು ಬರೆಯಿರಿ. ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಅವರ ಮಗ ಯಾವ ನಗರದ ಯಾವ ಕಟ್ಟಡದಲ್ಲಿ ದುಡಿಯುತ್ತಿದ್ದಾನೆಂದು ಕೇಳಿ, ಆತ ನಿಮ್ಮ ನಗರದವನೇ ಆಗಿದ್ದರೆ, ಅವನ ಕೂಲಿ ಅವನಿಗೆ ಸೇರಿತೆ, ಮಕ್ಕಳು ಶಾಲೆಗೆ ಹೋಗುತ್ತಿವೆಯೆ ಎಂದು ವಿಚಾರಿಸುವ ಹೊಣೆ ನಿಮ್ಮದೂ ಹೌದು. ಇಷ್ಟೂ ಆಗದಿದ್ದರೆ ಸೂರ್ಯಾಸ್ತವನ್ನು ಧಾರಾಳವಾಗಿ ತೆಗೆಯಿರಿ. ‘ನಮ್ಮೂರು’ ಎಂದು ಮಾತ್ರ ಅದರ ಕೆಳಗೆ ಬರೆಯಬೇಡಿ.

ಈ ಸಂಕ್ರಾಂತಿಗೆ ಊರಿಗೆ ಹೋದಾಗ ಆ ಕೂಲಿಕಾರನ ಹಳ್ಳಿಗೂ ಹೋಗಿದ್ದೆ. ಅವನ ತಾಯಿ ಪಟಕ್ಕೆಂದು ಸೀರೆ ಬದಲಿಸಿ ಬಂದು, ಬಾಗಿಲಲ್ಲಿ ನಿಂತು, “ಅಂವಾ ಯಾವಾಗ ಬರ್ತಾನಂತ್ರೀ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಚಿತ್ರವನ್ನು ಯಾವ ಪ್ರದರ್ಶನಕ್ಕೂ ಕೊಟ್ಟಿಲ್ಲ. ಅದು ಈಗ ನಮ್ಮ ಮನೆಯ ಪಕ್ಕದ ಶೆಡ್ಡಿನ ತಗಡಿನ ಗೋಡೆಯ ಮೇಲಿದೆ. ಕಟ್ಟಡ ಮುಗಿಯುತ್ತ ಬಂದಿದೆ. ಶೆಡ್ಡು ಬಿಚ್ಚುವ ದಿನ ಅದು ಅವನ ಜೊತೆ ಮುಂದಿನ ನಿವೇಶನಕ್ಕೆ ಹೋಗುತ್ತದೆ.